ಹೊಗೆ ಬಂತು ಅಂತ ಮೂರೂ ಇಂಜೆಕ್ಟರ್ ಬದಲಾಯಿಸ್ಬೇಕಾ? – ಟ್ರ್ಯಾಕ್ಟರ್ ಪ್ರಶ್ನೋತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇಂಜೆಕ್ಟರ್ (ಸಿಲಿಂಡರ್ ಒಳಗೆ ಡೀಸೆಲ್ ಸಿಡಿಸೋ ಭಾಗ), ನಾಜಲ್ (ಅದರ ತುದಿ), ಪಂಪು (ಇಂಜೆಕ್ಟರ್‌ಗೆ ಪ್ರೆಶರ್‌ನಲ್ಲಿ ಡೀಸೆಲ್ ತಳ್ಳೋದು) ಇವುಗಳ ಬಗ್ಗೆನೇ ಇವೆ. ಹಾಗಾಗಿ ಗೇರ್ ಬಾಕ್ಸ್, ಹೈಡ್ರಾಲಿಕ್ ಪ್ರಶ್ನೆಗಳನ್ನ ಮುಂದಿನ ತಿಂಗಳಿಗೆ ಇಟ್ಕೊಂಡು ಈ ಸಲ ಪೂರ್ತಿ ಇದನ್ನೇ ತಗೊಂಡಿದೀನಿ. ಹೆಸರು ಹಾಕ್ಬೇಡಿ ಅಂತ ಕೆಲವರು ಬರೆದಿದಾರೆ, ಅದಕ್ಕೆ ಎಲ್ಲರದ್ದೂ ಊರು ಮಾತ್ರ ಇದೆ.

ಸಿಂಧನೂರು: ನಮ್ದು 8 ವರ್ಷದ ಹಳೆ ಗಾಡಿ ಐತ್ರಿ, ಮೂರ್ ಸಿಲಿಂಡರ್, 45 ಎಚ್‌ಪಿ. ರೋಟವೇಟರ್ ಹಾಕಿದ್ರ ಕರೀ ಹೊಗಿ ಬರ್ತೈತಿ, ಮೊದಲಿನಂಗ ಜಗ್ಗೂದಿಲ್ಲ. ಮೆಕ್ಯಾನಿಕ್ ಮೂರೂ ಇಂಜೆಕ್ಟರ್ ಹೊಸಾವ ಹಾಕಸ್ರಿ ಅಂತಾನ. ಹಾಕಸ್ಬೇಕೇನ್ರಿ?

ಈಗ್ಲೇ ಬೇಡ. ಮೊದ್ಲು ಏರ್ ಕ್ಲೀನರ್ ಬಿಚ್ಚಿ ನೋಡಿ.

ಕರೀ ಹೊಗೆ ಅಂದ್ರೆ ಸಿಲಿಂಡರ್ ಒಳಗೆ ಹೋದ ಡೀಸೆಲ್ ಪೂರ್ತಿ ಉರೀತಿಲ್ಲ ಅಂತ ಅಷ್ಟೇ ಅರ್ಥ. ಡೀಸೆಲ್ ಜಾಸ್ತಿ ಆದ್ರೂ ಹಾಗೇ ಆಗುತ್ತೆ, ಗಾಳಿ ಕಡಿಮೆ ಆದ್ರೂ ಹಾಗೇ ಆಗುತ್ತೆ, ನಾಜಲ್ ನುಣ್ಣಗೆ ಸಿಡಿಸದೆ ಧಾರೆ ಬಿಟ್ರೂ ಹಾಗೇ ಆಗುತ್ತೆ, ಸೈಲೆನ್ಸರಿಂದ ಬರೋ ಹೊಗೆ ನೋಡಿ ಈ ಮೂರರಲ್ಲಿ ಯಾವುದು ಅಂತ ಯಾರೂ ಹೇಳೋಕಾಗಲ್ಲ. ನಿಮ್ಮ ಕಡೆ ಎರೆಮಣ್ಣಿನ ಧೂಳು, ಅದರಲ್ಲಿ ರೋಟವೇಟರ್ ಕೆಲಸ ಅಂದ್ರೆ ಏರ್ ಕ್ಲೀನರ್ ಕಟ್ಟೋಕೆ ಹೆಚ್ಚು ದಿನ ಬೇಡ. ಆಯಿಲ್ ಬಾತ್ (ಎಣ್ಣೆಯಲ್ಲಿ ಗಾಳಿ ಸೋಸೋ ಮಾದರಿ) ಇರೋ ಗಾಡಿ ಆದ್ರೆ ಕೆಳಗಿನ ಬಟ್ಟಲು ತೆಗೆದು ಎಣ್ಣೆ ಕೆಸರಾಗಿದೆಯಾ ನೋಡಿ, ಡ್ರೈ ಫಿಲ್ಟರ್ ಆದ್ರೆ ಎಲಿಮೆಂಟ್ ನೋಡಿ. ಆಮೇಲೆ ಪಂಪಿನ ಸೀಲು, ಅಂದ್ರೆ ಡೀಸೆಲ್ ಅಳತೆ ಯಾರೂ ಬದಲಾಯಿಸದ ಹಾಗೆ ಹಾಕಿರೋ ಮುದ್ರೆ. ಟ್ರಾಲಿ ಎಳೆಯೋಕೆ ಪವರ್ ಬರ್ಲಿ ಅಂತ ಹಿಂದೆ ಯಾರಾದ್ರೂ ಸೀಲ್ ಒಡೆದು ಡೀಸೆಲ್ ಸ್ಕ್ರೂ ತಿರುಗಿಸಿದ್ರೆ ಅದೇ ಕರೀ ಹೊಗೆ ಬರುತ್ತೆ, ಆಗ ನೀವು ಎಷ್ಟು ಹೊಸ ಇಂಜೆಕ್ಟರ್ ಹಾಕಿದ್ರೂ ಹೋಗಲ್ಲ. ಹಸಿ ನೆಲದಲ್ಲಿ ತೀರಾ ಆಳಕ್ಕೆ ಇಳಿಸಿ ದೊಡ್ಡ ಗೇರಲ್ಲಿ ಓಡಿಸ್ತಿದ್ರೆ ಅದೂ ಒಂದು ಕಾರಣ.

ಇದೆಲ್ಲ ಸರಿ ಇದೆ ಅಂದ್ರೆ ಆಗ ಇಂಜೆಕ್ಟರ್ ಕಡೆ ಬನ್ನಿ. ಆಗ್ಲೂ ಯಾವ ಸಿಲಿಂಡರ್ ಅಂತ ಮೊದ್ಲು ಗೊತ್ತು ಮಾಡ್ಕೊಳ್ಳಿ. ಇಂಜಿನ್ ಬಿಸಿ ಮಾಡಿ ಸ್ಲೋ ಬಿಡಿ, ಒಂದು ಇಂಜೆಕ್ಟರ್ ಹತ್ತಿರದ ಪೈಪ್ ನಟ್ಟನ್ನ ಬಟ್ಟೆ ಸುತ್ತಿ ಸ್ಪ್ಯಾನರ್ ಹಾಕಿ ಅರ್ಧ ಸುತ್ತು ಸಡಿಲ ಮಾಡಿ, ಕಣ್ಣಿಗೆ ಕನ್ನಡಕ ಇರ್ಲಿ, ಕೈ ದೂರ ಇರ್ಲಿ. ಸಡಿಲ ಮಾಡಿದ ತಕ್ಷಣ ಇಂಜಿನ್ ತಡವರಿಸಿದ್ರೆ ಆ ಸಿಲಿಂಡರ್ ಕೆಲಸ ಮಾಡ್ತಿತ್ತು ಅಂತ, ಸೌಂಡ್ ಏನೂ ಬದಲಾಗ್ಲಿಲ್ಲ ಅಂದ್ರೆ ಅದೇ ಕಳ್ಳ. ನಟ್ ಬಿಗಿ ಮಾಡಿ ಮುಂದಿಂದಕ್ಕೆ ಹೋಗಿ. ಕಾಮನ್ ರೈಲ್ (ಎಲ್ಲಾ ಇಂಜೆಕ್ಟರ್‌ಗೂ ಒಂದೇ ಹೈ ಪ್ರೆಶರ್ ಪೈಪಿಂದ ಡೀಸೆಲ್ ಹೋಗೋ, ಕಂಪ್ಯೂಟರ್ ನಡೆಸೋ ಹೊಸ ಮಾದರಿ) ಗಾಡಿಗೆ ಮಾತ್ರ ಈ ಪರೀಕ್ಷೆ ಯಾವತ್ತೂ ಮಾಡ್ಬಾರ್ದು, ಅದರ ಬಗ್ಗೆ ಕೆಳಗೆ ಇದೆ.

ಕಳ್ಳ ಸಿಲಿಂಡರ್ ಸಿಕ್ತು ಅಂದ ಮಾತ್ರಕ್ಕೆ ಇಂಜೆಕ್ಟರೇ ಕೆಟ್ಟಿದೆ ಅಂತಲ್ಲ, ವಾಲ್ವ್ ಸರಿಯಾಗಿ ಕೂರದೆ ಇರಬಹುದು, ರಿಂಗ್ ಹೋಗಿ ಕಂಪ್ರೆಶನ್ ಬಿದ್ದಿರಬಹುದು. ಅದಕ್ಕೆ ಆ ಇಂಜೆಕ್ಟರ್ ತೆಗೆದು ಪಕ್ಕದ ಸಿಲಿಂಡರ್‌ಗೆ ಹಾಕಿ, ಪಕ್ಕದ್ದನ್ನ ಇದಕ್ಕೆ ಹಾಕಿ ಮತ್ತೆ ಅದೇ ಪರೀಕ್ಷೆ ಮಾಡಿ. ತೊಂದರೆ ಇಂಜೆಕ್ಟರ್ ಜೊತೆ ಪಕ್ಕಕ್ಕೆ ಹೋಯ್ತು ಅಂದ್ರೆ ಇಂಜೆಕ್ಟರೇ, ಅಲ್ಲೇ ಉಳೀತು ಅಂದ್ರೆ ಇಂಜಿನ್ ಒಳಗಿನ ಕೆಲಸ. ಈ ಅದಲು ಬದಲಿಗೆ ಹೊಸ ಕಾಪರ್ ವಾಷರ್ ಬಿಟ್ಟು ಬೇರೆ ಖರ್ಚಿಲ್ಲ. ಇಷ್ಟು ಮಾಡದೆ ಮೂರೂ ಹೊಸದು ಹಾಕಿ ಅನ್ನೋದು ರೈತರ ದುಡ್ಡಿನ ಮೇಲೆ ಪರೀಕ್ಷೆ ಮಾಡಿದ ಹಾಗೆ, ನನಗದು ಒಪ್ಪಲ್ಲ.

ಇಂಜೆಕ್ಟರೇ ಅಂತ ಖಚಿತ ಆದ್ರೆ ಮೂರನ್ನೂ ಬಿಚ್ಚಿ ಪಂಪ್ ಶಾಪಿಗೆ (ಡೀಸೆಲ್ ಪಂಪ್, ಇಂಜೆಕ್ಟರ್ ರಿಪೇರಿ ಮಾಡೋ ಅಂಗಡಿಗೆ) ತಗೊಂಡು ಹೋಗಿ, ಕೊಟ್ಟು ಬರ್ಬೇಡಿ, ಪಕ್ಕದಲ್ಲೇ ನಿಂತು ನೋಡಿ. ಕೈಯಲ್ಲಿ ಒತ್ತೋ ಟೆಸ್ಟರ್‌ಗೆ ಹಾಕಿ ನಾಲ್ಕು ವಿಷಯ ನೋಡ್ತಾರೆ. ಎಷ್ಟು ಪ್ರೆಶರ್‌ಗೆ ಬಾಯಿ ಬಿಡುತ್ತೆ ಅನ್ನೋದು ಒಂದು, ನಮ್ಮ ಹಳೇ ಮಾದರಿ ಗಾಡಿಗಳಲ್ಲಿ ಸಾಮಾನ್ಯವಾಗಿ 200ರಿಂದ 250 ಬಾರ್ ಆಸುಪಾಸು ಇರುತ್ತೆ, ನಿಮ್ಮ ಗಾಡಿಯ ನಿಖರ ಅಂಕಿ ಮ್ಯಾನುಯಲ್ಲಲ್ಲೇ ನೋಡ್ಬೇಕು. ಬಾಯಿ ಬಿಡೋ ಪ್ರೆಶರ್‌ಗಿಂತ ಸ್ವಲ್ಪ ಕೆಳಗೆ ಹಿಡಿದು ನಿಲ್ಲಿಸಿದಾಗ ತುದೀಲಿ ಹನಿ ಕಟ್ಟುತ್ತಾ ಅನ್ನೋದು ಇನ್ನೊಂದು, ಸುಮಾರು 10 ಸೆಕೆಂಡ್ ಹಿಡಿದ್ರೂ ಹನಿ ಬೀಳ್ಬಾರ್ದು. ಎಲ್ಲಾ ತೂತಿಂದಲೂ ಒಂದೇ ಸಮ ಸಿಡೀತಾ ಅನ್ನೋದು ಮೂರನೇದು. ಪ್ರೆಶರ್ ಹಿಂದಕ್ಕೆ ಓವರ್‌ಫ್ಲೋ (ಮಿಕ್ಕ ಡೀಸೆಲ್ ವಾಪಸ್ ಹೋಗೋ ದಾರಿ) ಕಡೆಗೆ ಬೇಗ ಸೋರ್ತಾ ಅನ್ನೋದು ನಾಲ್ಕನೇದು. ಪ್ರೆಶರ್ ಮಾತ್ರ ಇಳಿದಿದ್ರೆ ಒಳಗಿನ ಸ್ಪ್ರಿಂಗ್ ಮೇಲೆ ಶಿಮ್ (ತೆಳು ಬಿಲ್ಲೆ) ಹಾಕಿ ಸರಿ ಮಾಡ್ತಾರೆ. ಹನಿ ಬಿದ್ರೆ, ಸಿಡಿಯೋದು ಸರಿ ಇಲ್ಲ ಅಂದ್ರೆ ನಾಜಲ್ ಬದಲಾಯಿಸ್ತಾರೆ. ಇಂಜೆಕ್ಟರ್ ಅಂದ್ರೆ ಮೇಲಿನ ಹೋಲ್ಡರ್, ಅದರ ತುದೀಲಿ ನಾಜಲ್, ಎರಡೂ ಸೇರಿ. ಸವೆಯೋದು ಬಹುಪಾಲು ನಾಜಲ್, ಹೋಲ್ಡರ್ ಚೆನ್ನಾಗಿದ್ರೆ ಪೂರ್ತಿ ಇಂಜೆಕ್ಟರ್ ಕೊಳ್ಳೋ ಅಗತ್ಯ ಇಲ್ಲ. ನಾಜಲ್ ಮಾತ್ರ ಹಾಕೋದಾದ್ರೆ ಮೂರಕ್ಕೂ ಒಟ್ಟಿಗೆ ಹಾಕ್ಸಿ, ಒಂದು ಹೊಸದು ಎರಡು ಸವೆದದ್ದು ಇದ್ರೆ ಇಂಜಿನ್ ಒಂದೇ ಸಮ ಓಡಲ್ಲ.

ನಾಜಲ್ ಸವೆಯೋದು ಯಾಕೆ ಅಂತ ಒಂದು ಲೆಕ್ಕ ಹೇಳ್ತೀನಿ. 2000 ಆರ್‌ಪಿಎಂನಲ್ಲಿ ಓಡೋ ನಾಲ್ಕು ಸ್ಟ್ರೋಕ್ ಇಂಜಿನ್ನಲ್ಲಿ ಒಂದೊಂದು ನಾಜಲ್ ನಿಮಿಷಕ್ಕೆ 1000 ಸಲ ಬಾಯಿ ತೆಗೆದು ಮುಚ್ಚುತ್ತೆ, ಗಂಟೆಗೆ 60,000, 1000 ಗಂಟೆಗೆ 6 ಕೋಟಿ. ಗಂಟೆಗೆ 6 ಲೀಟರ್ ಕುಡಿಯೋ ಮೂರು ಸಿಲಿಂಡರ್ ಗಾಡೀಲಿ ಪ್ರತೀ ಸಲ ಒಳಗೆ ಹೋಗೋ ಡೀಸೆಲ್ ಸುಮಾರು ಒಂದು ಹನಿಯಷ್ಟೇ. ಅಷ್ಟು ಚೂರು ಡೀಸೆಲನ್ನ ಅಷ್ಟು ಸಲ ಅಳತೆ ತಪ್ಪದೆ ಹೊಡಿಬೇಕು, ಅದಕ್ಕೆ ನಾನು ಈ ಭಾಗಕ್ಕೆ ಇಷ್ಟು ಮರ್ಯಾದೆ ಕೊಡಿ ಅಂತ ಕೇಳೋದು.

ಹಾವೇರಿ ಜಿಲ್ಲೆ: ಆಯಿಲ್, ಫಿಲ್ಟರ್ ಎಲ್ಲಾ ನಾನೇ ಬದಲಿ ಮಾಡ್ತೇನ್ರಿ. ಇಂಜೆಕ್ಟರೂ ನಾನೇ ಬಿಚ್ಚಿ ಹಾಕಬೇಕು ಅಂತ ಆಸೆ ಐತಿ. ಬಿಚ್ಚೂದು, ಹಾಕೂದು ಹೆಂಗ ಹೇಳ್ರಿ. ಒಂದು ಇಂಜೆಕ್ಟರ್ ಹಿಡಕೊಂಡು ಬಿಟ್ಟೈತಿ, ಅಲ್ಲಾಡೂದೇ ಇಲ್ಲ.

ಹಳೇ ಪಂಪ್ ಇರೋ ಗಾಡಿ, ಕಾಮನ್ ರೈಲ್ ಅಲ್ಲ ಅಂತ ತಿಳ್ಕೊಂಡು ಹೇಳ್ತಿದೀನಿ. ಖಂಡಿತ ಮಾಡಬಹುದು, ಬುದ್ಧಿಗಿಂತ ತಾಳ್ಮೆ ಮತ್ತೆ ಶುಚಿ ಜಾಸ್ತಿ ಬೇಕಾದ ಕೆಲಸ ಇದು.

ಸ್ಪ್ಯಾನರ್ ಮುಟ್ಟೋ ಮುಂಚೆ ಇಂಜಿನ್ ತೊಳೀರಿ, ತಣ್ಣಗಿದ್ದಾಗ. ಇಂಜೆಕ್ಟರ್ ಸುತ್ತ ಕೂತಿರೋ ಮಣ್ಣು, ಎಣ್ಣೆ ಜಿಡ್ಡು, ಹೊಟ್ಟು ಎಲ್ಲ ಬ್ರಷ್ ಹಾಕಿ ತೆಗೆದು ಗಾಳಿ ಹೊಡೆದು ಒಣಗಿಸಿ, ಯಾಕಂದ್ರೆ ಇಂಜೆಕ್ಟರ್ ಮೇಲೆ ಬಂದ ತಕ್ಷಣ ಅಲ್ಲಿರೋ ಕಸ ನೇರವಾಗಿ ಪಿಸ್ಟನ್ ಮೇಲೆ ಬೀಳುತ್ತೆ. ಬ್ಯಾಟರಿ ವೈರ್ ತೆಗೀರಿ, ಡೀಸೆಲ್ ಕಾಕ್ ಮುಚ್ಚಿ. ಮೇಲಿನ ಓವರ್‌ಫ್ಲೋ ಪೈಪಿನ ಬ್ಯಾಂಜೊ ಬೋಲ್ಟ್ (ಡೀಸೆಲ್ ಹಾಯೋಕೆ ನಡುವೆ ತೂತಿರೋ ಬೋಲ್ಟ್) ತೆಗೀವಾಗ ಅದರ ಎರಡೂ ಕಡೆ ಸಣ್ಣ ವಾಷರ್ ಇರುತ್ತೆ, ಬೀಳಿಸಿ ಕಳ್ಕೋಬೇಡಿ. ಹೈ ಪ್ರೆಶರ್ ಪೈಪುಗಳನ್ನ ಎರಡೂ ತುದಿ ಬಿಚ್ಚಿ ಪೂರ್ತಿ ತೆಗೀರಿ. ಒಂದೇ ತುದಿ ಬಿಚ್ಚಿ ಪೈಪ್ ಬಗ್ಗಿಸಿ ಪಕ್ಕಕ್ಕೆ ಸರಿಸೋದನ್ನ ತುಂಬಾ ಜನ ಮಾಡ್ತಾರೆ, ಆಮೇಲೆ ಆ ಪೈಪು ಕೂರೋ ಜಾಗಕ್ಕೆ ಸರಿಯಾಗಿ ಕೂರಲ್ಲ, ಲೀಕ್ ಶುರು ಆಗುತ್ತೆ, ಕೆಲವು ತಿಂಗಳಲ್ಲಿ ಬಿರುಕು ಬಿಡುತ್ತೆ. ಯಾವ ಪೈಪ್ ಯಾವ ಸಿಲಿಂಡರ್‌ದು ಅಂತ ಟೇಪ್ ಸುತ್ತಿ ನಂಬರ್ ಬರೀರಿ. ಬಿಚ್ಚಿದ ಪ್ರತಿಯೊಂದು ಬಾಯಿಗೂ, ಪಂಪಿನ ಕಡೆಗೂ ಸೇರಿ, ಕ್ಯಾಪ್ ಇಲ್ಲ ಶುದ್ಧ ಪ್ಲಾಸ್ಟಿಕ್ ಕಟ್ಟಿ. ಹತ್ತಿ, ನೂಲು ಬಿಡೋ ಬಟ್ಟೆ ತುರುಕಬೇಡಿ.

ಈಗ ನಿಮ್ಮ ಹಿಡ್ಕೊಂಡಿರೋ ಇಂಜೆಕ್ಟರ್. ಅದನ್ನ ಹಿಡಿದಿರೋದು ಇಂಗಾಲ ಮತ್ತೆ ತುಕ್ಕು. ಕ್ಲ್ಯಾಂಪ್ ನಟ್ ತೆಗೆದ ಮೇಲೆ ಸುತ್ತ ತುಕ್ಕು ಬಿಡಿಸೋ ಸ್ಪ್ರೇ ಹೊಡೆದು ಒಂದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಇಂಜೆಕ್ಟರ್ ಮೈಗೆ ಸ್ಪ್ಯಾನರ್ ಹಿಡಿಯೋ ಜಾಗ ಇದ್ರೆ ಎಡಕ್ಕೆ ಬಲಕ್ಕೆ ನಿಧಾನ ತಿರುಗಿಸಿ, ಅಲ್ಲಾಡೋಕೆ ಶುರು ಮಾಡಿದ್ರೆ ಬಂತು ಅಂತಲೇ. ಆಗ್ಲೂ ಬರ್ಲಿಲ್ಲ ಅಂದ್ರೆ ಪೈಪ್ ಹಾಕೋ ಥ್ರೆಡ್‌ಗೆ ಕಚ್ಚಿಸಿ ನೇರ ಮೇಲಕ್ಕೆ ಎಳೆಯೋ ಪುಲ್ಲರ್ ಪಂಪ್ ಶಾಪಲ್ಲಿ ಸಿಗುತ್ತೆ, ಅದನ್ನ ತಂದು ಎಳೀರಿ. ಪಕ್ಕದಿಂದ ಸುತ್ತಿಗೆ ಏಟು ಹಾಕೋದು, ಸಬ್ಬಲ್ ಹಾಕಿ ಮೀಟೋದು ಬೇಡವೇ ಬೇಡ, ನಾಜಲ್ ತುದಿ ಮುರಿದು ಸಿಲಿಂಡರ್ ಒಳಗೆ ಬಿದ್ರೆ ಹೆಡ್ ಇಳಿಸೋ ಕೆಲಸ ಬರುತ್ತೆ. ಇನ್ನೊಂದು, ಕೆಲವು ಇಂಜಿನ್ನಲ್ಲಿ ಇಂಜೆಕ್ಟರ್ ಕೂರೋದು ತಾಮ್ರದ ಸ್ಲೀವ್ ಒಳಗೆ, ಆ ಸ್ಲೀವ್ ಆಚೆ ಕಡೆ ರೇಡಿಯೇಟರ್ ನೀರು. ಎಳೆದಾಗ ಸ್ಲೀವೂ ಜೊತೆಗೆ ಕಿತ್ತು ಬಂದ್ರೆ ನೀರು ಸಿಲಿಂಡರ್‌ಗೆ ಇಳಿಯುತ್ತೆ. ನಿಮ್ಮ ಇಂಜಿನ್ ಅಂಥದ್ದು ಅಂದ್ರೆ ಮೊದ್ಲೇ ನೀರು ಇಳಿಸ್ಕೊಳ್ಳಿ.

ಇಂಜೆಕ್ಟರ್ ಬಂದ ಮೇಲೆ ಅದರ ತುದೀಲಿ ಕಾಪರ್ ವಾಷರ್ ಇದೆಯಾ ನೋಡಿ. ಇಲ್ಲ ಅಂದ್ರೆ ಅದು ತೂತಿನ ತಳದಲ್ಲೇ ಅಂಟ್ಕೊಂಡಿದೆ. ತಾಮ್ರ ಮ್ಯಾಗ್ನೆಟ್‌ಗೆ ಹತ್ತಲ್ಲ, ಟಾರ್ಚ್ ಬಿಟ್ಟು ನೋಡಿ ಸಣ್ಣ ಕೊಕ್ಕೆ ತಂತಿಯಿಂದ ಎತ್ತಬೇಕು. ಇದನ್ನ ನೋಡದೆ ಮೇಲೆ ಇನ್ನೊಂದು ಹೊಸ ವಾಷರ್ ಹಾಕಿ ಕೂರಿಸಿದ್ರೆ ನಾಜಲ್ ತುದಿ ಒಂದು ವಾಷರ್ ದಪ್ಪದಷ್ಟು ಮೇಲೆ ನಿಲ್ಲುತ್ತೆ, ಡೀಸೆಲ್ ಪಿಸ್ಟನ್ ಬಟ್ಟಲಿಗೆ ಬೀಳಬೇಕಾದ ಜಾಗ ಬಿಟ್ಟು ಬೇರೆ ಕಡೆ ಬೀಳುತ್ತೆ, ಹೊಸ ನಾಜಲ್ ಹಾಕಿದ್ರೂ ಹೊಗೆ ಹೋಗ್ಲಿಲ್ಲ ಅಂತ ಬರೋ ಗಾಡಿಗಳಲ್ಲಿ ಈ ಡಬಲ್ ವಾಷರ್ ಇದೆಯಾ ಅಂತ ನಾನು ಮೊದ್ಲು ನೋಡ್ತೀನಿ.

ವಾಷರ್ ಕೂರೋ ಜಾಗದ ಇಂಗಾಲ ಪೂರ್ತಿ ತೆಗೀರಿ. ತೆಗೆದ ಪುಡಿ ಒಳಗೆ ಬಿದ್ದಿರುತ್ತೆ, ಅದಕ್ಕೆ ಎಲ್ಲಾ ಇಂಜೆಕ್ಟರ್ ಹೊರಗೆ ಇದ್ದಾಗಲೇ ಬ್ಯಾಟರಿ ವೈರ್ ಮತ್ತೆ ಹಾಕಿ, ಇಂಜಿನ್ ನಿಲ್ಲಿಸೋ ಸ್ಟಾಪ್ ನಾಬ್ ಎಳೆದು ಹಿಡಿದು ಸೆಲ್ಫ್ ಎರಡು ಮೂರು ಸುತ್ತು ಹೊಡೀರಿ, ಪುಡಿ ಹೊರಗೆ ಹಾರಿ ಬರುತ್ತೆ. ಮುಖ ಆ ಕಡೆ ಇರ್ಬಾರ್ದು. ಹೊಸ ವಾಷರ್ ಒಂದೇ ಒಂದು, ಹಳೇದ್ರಷ್ಟೇ ದಪ್ಪ ಇರೋದು ಹಾಕಿ. ಹಳೇ ವಾಷರನ್ನ ಕೆಂಪಗೆ ಕಾಯಿಸಿ ನೀರಿಗೆ ಹಾಕಿದ್ರೆ ಮೆತ್ತಗಾಗುತ್ತೆ ಅನ್ನೋದು ನಿಜವೇ, ರಾತ್ರಿ ಹೊಲದಲ್ಲಿ ಸಿಕ್ಕಾಕೊಂಡಾಗ ಸರಿ, ಅಂಗಡಿ ಹತ್ತಿರ ಇರೋರು ಹೊಸದೇ ತನ್ನಿ.

ಕೂರಿಸೋವಾಗ ಪೈಪ್ ನಟ್ಟುಗಳನ್ನ ಮೊದ್ಲು ಕೈಯಲ್ಲೇ ಹತ್ತಿಸಿ, ಕೈಯಲ್ಲಿ ಸಲೀಸಾಗಿ ಹೋಗ್ತಿಲ್ಲ ಅಂದ್ರೆ ಥ್ರೆಡ್ ಅಡ್ಡ ಹತ್ತಿದೆ ಅಂತ, ತೆಗೆದು ಮತ್ತೆ ಹಾಕಿ. ಆಮೇಲೆ ಕ್ಲ್ಯಾಂಪಿನ ಎರಡು ನಟ್ಟನ್ನ ಆ ಕಡೆ ಸ್ವಲ್ಪ ಈ ಕಡೆ ಸ್ವಲ್ಪ ಅಂತ ಸಮವಾಗಿ ಬಿಗಿ ಮಾಡಿ, ಕೊನೆಗೆ ಟಾರ್ಕ್ ರೆಂಚ್ ಹಾಕಿ ಮ್ಯಾನುಯಲ್ಲಲ್ಲಿ ಇರೋ ಅಳತೆಗೆ ನಿಲ್ಲಿಸಿ. ಒಂದು ಕಡೆನೇ ಪೂರ್ತಿ ಬಿಗಿ ಮಾಡಿದ್ರೆ ಇಂಜೆಕ್ಟರ್ ವಾರೆ ಕೂರುತ್ತೆ. ಜಾಸ್ತಿ ಬಿಗಿ ಮಾಡಿದ್ರೆ ಭದ್ರ ಅನ್ನೋದು ಇಲ್ಲಿ ನಡೆಯಲ್ಲ, ನಾಜಲ್ ಒಳಗಿನ ಸೂಜಿ ಹಿಡ್ಕೊಳ್ಳುತ್ತೆ. ಗಾಡಿ ಸ್ಟಾರ್ಟ್ ಆದ್ಮೇಲೆ ಇಂಜೆಕ್ಟರ್ ಬುಡಕ್ಕೆ ಸ್ವಲ್ಪ ಸೋಪಿನ ನೀರು ಬಿಟ್ಟು ನೋಡಿ, ಗುಳ್ಳೆ ಬಂದ್ರೆ, ಚಫ್ ಚಫ್ ಅಂತ ಸೌಂಡ್ ಬಂದ್ರೆ ವಾಷರ್ ಕೂತಿಲ್ಲ, ಹಾಗೇ ಓಡಿಸ್ಬೇಡಿ, ಆ ಬಿಸಿ ಗಾಳಿ ಹೆಡ್ಡಲ್ಲಿ ವಾಷರ್ ಕೂರೋ ಜಾಗವನ್ನೇ ತಿಂದುಬಿಡುತ್ತೆ.

ಹಾಸನ: ನನ್ನ ತಮ್ಮ ಪೈಪ್ ಎಲ್ಲಿ ಲೀಕ್ ಆಗ್ತಿದೆ ಅಂತ ಇಂಜಿನ್ ಓಡ್ತಿರುವಾಗಲೇ ಬೆರಳು ಸವರಿ ನೋಡ್ತಾನೆ. ಬೇಡ ಅಂದ್ರೆ ಡೀಸೆಲ್ ಏನ್ ಆಸಿಡ್ಡಾ ಅಕ್ಕ ಅಂತಾನೆ. ಇದು ಅಪಾಯ ಅಲ್ವಾ ಅಣ್ಣ?

ಅಪಾಯನೇ ತಂಗಿ, ದಯವಿಟ್ಟು ಈ ಪುಟವನ್ನ ಅವನ ಕೈಗೆ ಕೊಡಿ. 200 ಬಾರ್ ಪ್ರೆಶರ್‌ನಲ್ಲಿ ಸಣ್ಣ ಬಿರುಕಿಂದ ಬರೋ ಡೀಸೆಲ್ ಚರ್ಮವನ್ನ ತೂರಿ ಒಳಗೆ ಹೋಗುತ್ತೆ. ಹೊರಗೆ ಸೂಜಿ ಚುಚ್ಚಿದಷ್ಟು ಚುಕ್ಕೆ ಕಾಣುತ್ತೆ, ಮೊದ್ಲು ನೋವೂ ಅಷ್ಟಾಗಿ ಇರಲ್ಲ, ಅದಕ್ಕೇ ಜನ ಒರೆಸ್ಕೊಂಡು ಕೆಲಸ ಮುಂದುವರಿಸ್ತಾರೆ. ಒಳಗೆ ಡೀಸೆಲ್ ಬೆರಳಿನ ನರ, ಸ್ನಾಯುಗಳ ಉದ್ದಕ್ಕೂ ಹರಡಿ ಮಾಂಸ ಕೆಡೋಕೆ ಶುರು ಆಗಿರುತ್ತೆ, ತಡ ಆದ್ರೆ ಬೆರಳು ಕತ್ತರಿಸೋ ಸ್ಥಿತಿ ಬರಬಹುದು. ಅಂಥದ್ದು ಆದ್ರೆ ನೋವು ಬರ್ಲಿ ಅಂತ ಕಾಯದೆ ಅವತ್ತೇ, ಆ ಕ್ಷಣವೇ, ಸರ್ಜನ್ ಇರೋ ಆಸ್ಪತ್ರೆಗೆ ಹೋಗ್ಬೇಕು. ಬರೀ ಗಾಯ ಆಗಿದೆ ಅನ್ಬೇಡಿ, ಹೈ ಪ್ರೆಶರ್ ಡೀಸೆಲ್ ಚರ್ಮದ ಒಳಗೆ ಹೋಗಿದೆ ಅಂತ ಸ್ಪಷ್ಟವಾಗಿ ಹೇಳ್ಬೇಕು, ಸಾಮಾನ್ಯವಾಗಿ ಕುಯ್ದು ತೊಳೆಯಬೇಕಾಗುತ್ತೆ. ಲೀಕ್ ನೋಡೋಕೆ ರಟ್ಟಿನ ತುಂಡು ಹಿಡಿದ್ರೆ ಸಾಕು, ಡೀಸೆಲ್ ಬಿದ್ದ ಕಡೆ ಒದ್ದೆ ಆಗುತ್ತೆ.

ಮಂಡ್ಯ: ಅಣ್ಣೋ, ನಾಜಲ್ ಹೊಸದು ಹಾಕ್ಸುದ್ಮೇಲೆ ಗಾಡಿ ಸ್ಟಾರ್ಟೇ ಆಯ್ತಿಲ್ಲ. ಸೆಲ್ಫ್ ಹೊಡ್ದು ಹೊಡ್ದು ಬ್ಯಾಟ್ರಿ ಇಳ್ದೋಯ್ತು. ನಾಜಲ್ಲೇ ಸರಿ ಇಲ್ವಾ?

ನಾಜಲ್ ಬೈಯೋ ಮುಂಚೆ ಸ್ಟಾಪ್ ನಾಬ್ ಒಳಗೆ ತಳ್ಳಿದಾರಾ ನೋಡಿ, ಡೀಸೆಲ್ ಕಾಕ್ ತೆಗೆದಿದಾರಾ ನೋಡಿ. ಎರಡೂ ಸರಿ ಇದ್ರೆ ಅದು ಏರ್. ಪೈಪ್ ಬಿಚ್ಚಿದಾಗ ಒಳಗೆ ಗಾಳಿ ಹೋಗಿರುತ್ತೆ, ಗಾಳಿ ಒತ್ತಿದ್ರೆ ಕುಗ್ಗುತ್ತೆ, ಹಾಗಾಗಿ ಪಂಪು ಎಷ್ಟು ಒತ್ತಿದ್ರೂ ನಾಜಲ್ ಬಾಯಿ ಬಿಡೋ ಪ್ರೆಶರ್ ಬರಲ್ಲ.

ಏರ್ ತೆಗೆಯೋದು ಟ್ಯಾಂಕ್ ಕಡೆಯಿಂದ ಇಂಜೆಕ್ಟರ್ ಕಡೆಗೆ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲ ಮಾಡಿ ಹ್ಯಾಂಡ್ ಪಂಪ್ ಒತ್ತುತ್ತಾ ಹೋಗಿ, ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಒತ್ತುತ್ತಲೇ ಸ್ಕ್ರೂ ಬಿಗಿ ಮಾಡಿ. ಎರಡು ಫಿಲ್ಟರ್ ಇದ್ರೆ ಎರಡಕ್ಕೂ. ಆಮೇಲೆ ಪಂಪಿನ ಮೇಲಿನ ಸ್ಕ್ರೂ ಅದೇ ರೀತಿ. ರೋಟರಿ ಪಂಪ್ ಆದ್ರೆ ಒಂದಕ್ಕಿಂತ ಜಾಸ್ತಿ ಸ್ಕ್ರೂ ಇರುತ್ತೆ, ಎಲ್ಲದರಿಂದಲೂ ತೆಗೀಬೇಕು. ಕೊನೆಗೆ ಇಂಜೆಕ್ಟರ್ ಹತ್ತಿರದ ಪೈಪ್ ನಟ್ಟುಗಳನ್ನ ಸಡಿಲ ಮಾಡಿ, ಆಕ್ಸಿಲರೇಟರ್ ಪೂರ್ತಿ ಕೊಟ್ಟು ಸೆಲ್ಫ್ ಹೊಡೀರಿ, ಡೀಸೆಲ್ ಚಿಮ್ಮಿದ ಕೂಡ್ಲೇ ಸೆಲ್ಫ್ ಬಿಟ್ಟು ನಟ್ ಬಿಗಿ ಮಾಡಿ. ಸೆಲ್ಫ್ ಒಂದು ಸಲಕ್ಕೆ 10 ಸೆಕೆಂಡ್‌ಗಿಂತ ಜಾಸ್ತಿ ಬೇಡ, ನಡುವೆ ಸ್ವಲ್ಪ ಆರೋಕೆ ಬಿಡಿ, ಇಲ್ಲಾಂದ್ರೆ ಬ್ಯಾಟರಿ ಜೊತೆ ಸೆಲ್ಫ್ ಮೋಟರೂ ಹೋಗುತ್ತೆ. ಇಷ್ಟಾದ್ರೂ ಅರ್ಧ ದಿನಕ್ಕೆ ಮತ್ತೆ ಏರ್ ಹಿಡೀತು ಅಂದ್ರೆ ಟ್ಯಾಂಕಿಂದ ಫೀಡ್ ಪಂಪಿನವರೆಗಿನ (ಟ್ಯಾಂಕಿನ ಡೀಸೆಲ್ ಎಳ್ಕೊಂಡು ಮುಂದೆ ಕಳಿಸೋ ಸಣ್ಣ ಪಂಪು) ಪೈಪಲ್ಲಿ ಎಲ್ಲೋ ಗಾಳಿ ಎಳ್ಕೊತಿದೆ. ಆ ಭಾಗ ಡೀಸೆಲ್ ಹೀರೋ ಕಡೆ ಆಗಿರೋದ್ರಿಂದ ಅಲ್ಲಿ ಡೀಸೆಲ್ ಹೊರಗೆ ಸೋರದೆನೂ ಗಾಳಿ ಒಳಗೆ ಹೋಗಬಹುದು, ಹಳೇ ರಬ್ಬರ್ ಪೈಪು, ಕ್ಲಿಪ್ಪು, ವಾಷರ್ ನೋಡಿ.

ಶಿರಾ: ನಾಜಲ್ ತೂತು ಕಟ್ಟಿದ್ರೆ ಗುಂಡುಸೂಜಿ ಹಾಕಿ ಬಿಡಿಸಬಹುದಾ? ಎಮೆರಿ ಪೇಪರಲ್ಲಿ ತುದಿ ಉಜ್ಜಬಹುದಾ?

ಎರಡೂ ಬೇಡ. ಆ ತೂತು ಕಾಲು ಮಿಲಿಮೀಟರ್ ಆಸುಪಾಸು ಇರುತ್ತೆ, ಗುಂಡುಸೂಜಿ ಅದಕ್ಕಿಂತ ದಪ್ಪ. ಒಳಗಿನ ಸೂಜಿಗೂ ಬಾಡಿಗೂ ನಡುವೆ ಇರೋ ಸಂದು 2ರಿಂದ 3 ಮೈಕ್ರಾನ್, ತಲೆಕೂದಲಿನ ದಪ್ಪದಲ್ಲಿ ಇಪ್ಪತ್ತನೇ ಒಂದು ಭಾಗ ಅಂತ ಇಟ್ಕೊಳ್ಳಿ, ಅಲ್ಲಿಗೆ ಎಮೆರಿ ಪುಡಿ ಹೋದ್ರೆ ಕಥೆ ಮುಗೀತು. ಹೊರಗಿನ ಇಂಗಾಲನ ಡೀಸೆಲಲ್ಲಿ ನೆನೆಸಿ ಹಿತ್ತಾಳೆ ತಂತಿ ಬ್ರಷ್ಷಿಂದ ತೆಗೀಬಹುದು. ಒಂದು ನಾಜಲ್ ಸೂಜಿ ಇನ್ನೊಂದಕ್ಕೆ ಹಾಕೋದೂ ಬೇಡ, ಅವು ಜೋಡಿಯಾಗೇ ತಯಾರಾಗಿರ್ತವೆ.

ಅಥಣಿ: ಹೋದ ಹಂಗಾಮಿಗೆ ನಾಜಲ್ ಹೊಸಾವ ಹಾಕ್ಸೀನ್ರಿ, ಕಬ್ಬಿನ ಲೋಡ್ ಹೊಡದು ಈ ಹಂಗಾಮಿಗೆ ಮತ್ತ ಹೋದುವು. ಡೀಸೆಲ್ ಬ್ಯಾರಲ್ ತಂದ ಇಟ್ಕೊಂಡಿರ್ತೀವಿ. ಬಿಎಸ್6 ಡೀಸೆಲ್ ಬಂದಮ್ಯಾಲ ಹಿಂಗಾಗಾಕತ್ತೈತಿ ಅಂತಾರ, ಖರೇ ಏನ್ರಿ?

ನಿಮ್ಮ ಪತ್ರದಲ್ಲೇ ಉತ್ತರ ಇದೆ, ಬ್ಯಾರಲ್. ಬಿಎಸ್6 ಡೀಸೆಲ್ ದೇಶದ ಎಲ್ಲಾ ಬಂಕಲ್ಲೂ 2020ರ ಏಪ್ರಿಲ್ 1ರಿಂದ ಬಂತು, ಗಂಧಕ 10 ಪಿಪಿಎಂಗೆ (ಹತ್ತು ಲಕ್ಷ ಭಾಗಕ್ಕೆ 10 ಭಾಗ) ಇಳೀತು, ಮುಂಚೆ ಬಿಎಸ್4ರಲ್ಲಿ 50 ಇತ್ತು. ಗಂಧಕ ತೆಗೆಯೋ ಕ್ರಮದಲ್ಲಿ ಡೀಸೆಲ್‌ನ ಜಾರುವ ಗುಣ ಕಡಿಮೆ ಆಗೋದು ನಿಜ, ಅದನ್ನ ಸರಿ ಮಾಡೋಕೆ ರಿಫೈನರಿಯಲ್ಲೇ ಅದಕ್ಕೆ ಬೇಕಾದ ಪದಾರ್ಥ ಸೇರಿಸಿ ಕಳಿಸ್ತಾರೆ. ಬಂಕಿಂದ ಬಂದ ಶುದ್ಧ ಡೀಸೆಲ್ ಹಳೇ ನಾಜಲನ್ನ ಒಂದು ಹಂಗಾಮಲ್ಲಿ ತಿನ್ನಲ್ಲ. ಅಗ್ಗ ಅಂತ ಸೀಮೆಎಣ್ಣೆ ಬೆರೆಸಿದ ಡೀಸೆಲ್ ತಿನ್ನುತ್ತೆ. ನೀರು ತಿನ್ನುತ್ತೆ.

ಅರ್ಧ ಖಾಲಿ ಬ್ಯಾರಲ್ ಒಳಗೆ ಹಗಲು ಬಿಸಿ ರಾತ್ರಿ ತಂಪು ಆಗಿ ಗಾಳೀಲಿರೋ ತೇವ ನೀರಾಗಿ ಇಳಿಯುತ್ತೆ, ನೀರು ಡೀಸೆಲ್‌ಗಿಂತ ಭಾರ, ತಳ ಸೇರುತ್ತೆ, ತಳದಲ್ಲಿ ತುಕ್ಕು ಬರುತ್ತೆ, ಆ ತುಕ್ಕಿನ ಪುಡಿ ಮತ್ತೆ ನೀರು ಎರಡೂ ಪಂಪಿಗೂ ನಾಜಲ್‌ಗೂ ಹೋಗುತ್ತೆ. ಬ್ಯಾರಲ್ ನೆರಳಲ್ಲಿ, ಮುಚ್ಚಳ ಭದ್ರ ಮಾಡಿ, ಬಾಯಿ ಮೇಲೆ ಮಳೆನೀರು ನಿಲ್ಲದ ಹಾಗೆ ಇಡಿ. ಹೊಸ ಲೋಡ್ ಬಂದ್ರೆ ಒಂದು ದಿನ ಅಲ್ಲಾಡಿಸದೆ ಬಿಟ್ಟು ಆಮೇಲೆ ತೆಗೀರಿ, ಹೀರೋ ಪೈಪು ತಳಕ್ಕೆ ತಾಗ್ಬಾರ್ದು, ತಳದ ಡೀಸೆಲ್ ಗಾಡಿಗೆ ಹಾಕ್ಲೇಬೇಡಿ. ಸತುವಿನ ಲೇಪ ಇರೋ ತಗಡಿನ ಕ್ಯಾನ್, ಡ್ರಮ್ ಡೀಸೆಲ್‌ಗೆ ಬೇಡ, ಸತು ಡೀಸೆಲ್ ಜೊತೆ ಸೇರಿ ಕಸರು ಮಾಡುತ್ತೆ. ಟ್ಯಾಂಕನ್ನ ಸಂಜೆ ಕೆಲಸ ಮುಗಿದ ಮೇಲೆ ತುಂಬಿಸಿಡಿ, ಬೆಳಿಗ್ಗೆ ತುಂಬಿಸ್ತೀನಿ ಅಂತ ರಾತ್ರಿಯೆಲ್ಲ ಖಾಲಿ ಬಿಡಬೇಡಿ. ಫಿಲ್ಟರ್ ಕೆಳಗಿನ ಬಟ್ಟಲಿಂದ ನೀರು ಇಳಿಸೋದು ಹಂಗಾಮಲ್ಲಿ ದಿನಾ ಬೆಳಿಗ್ಗೆ ಮೊದಲ ಕೆಲಸ ಆಗ್ಲಿ. ಈ ಸಲ ನಾಜಲ್ ಹಾಕಿಸೋ ಮುಂಚೆ ಟ್ಯಾಂಕ್ ಇಳಿಸಿ ತೊಳೆದು ಎರಡೂ ಡೀಸೆಲ್ ಫಿಲ್ಟರ್ ಹೊಸದು ಹಾಕ್ಸಿ, ಇಲ್ಲಾಂದ್ರೆ ಮುಂದಿನ ಹಂಗಾಮಿಗೂ ಇದೇ ಪತ್ರ ಬರೀತೀರಿ. ನೀರು ಹೋಗಿದ್ರೆ ಪಂಪಿನ ಎಲಿಮೆಂಟ್‌ಗಳೂ (ಡೀಸೆಲ್ ಒತ್ತೋ ಭಾಗಗಳು) ಸವೆದಿರ್ತವೆ, ಪಂಪನ್ನೂ ಪಂಪ್ ಶಾಪಿನ ಟೆಸ್ಟ್ ಬೆಂಚಿಗೆ ಹಾಕಿ ಕ್ಯಾಲಿಬ್ರೇಷನ್ (ಡೀಸೆಲ್ ಅಳತೆ) ನೋಡಿಸಿ.

ತಿಪಟೂರು: ಅಂಗಡೀಲಿ ಮೂರು ರೇಟಿಂದು ನಾಜಲ್ ತೋರಿಸ್ತಾರೆ, ಎಲ್ಲಾ ಒಂದೇ ಅಂತಾರೆ. ಯಾವುದು ತಗೊಳ್ಳೋದು?

ನೋಡೋಕೆ ಒಂದೇ ಇರುತ್ತೆ. ನಾಜಲ್ ಮೇಲೆ ಕೆತ್ತಿರೋ ನಂಬರ್ ಓದಿ, ಡಿಎಲ್‌ಎಲ್‌ಎ ಅಂತ ಶುರು ಆದ್ರೆ ಅದರ ಪಕ್ಕದ ಅಂಕಿ ಡೀಸೆಲ್ ಹರಡೋ ಕೋನ, 150 ಅಂದ್ರೆ 150 ಡಿಗ್ರಿ. ಆ ಕೋನ ನಿಮ್ಮ ಪಿಸ್ಟನ್ ಬಟ್ಟಲಿಗೆ ಅಂತ ಲೆಕ್ಕ ಹಾಕಿರೋದು. ಕೋನ ಬೇರೆ ಆದ್ರೆ, ಮುಂದಿನ ನಂಬರ್ ಬೇರೆ ಆದ್ರೆ, ಹೋಲ್ಡರ್‌ಗೆ ಕೂತ್ರೂ ಇಂಜಿನ್‌ಗೆ ಸರಿಹೋಗಲ್ಲ. ಹಳೇ ನಾಜಲ್ ಕೈಯಲ್ಲಿ ಹಿಡ್ಕೊಂಡೇ ಅಂಗಡಿಗೆ ಹೋಗಿ, ನಂಬರ್ ಪೂರ್ತಿ ತಾಳೆ ಮಾಡಿ, ಪ್ಯಾಕಿಂಗ್ ಒಡೆಯದ್ದು ತಗೊಂಡು ಬಿಲ್ ಕೇಳಿ. ನಮ್ಮ ಕಡೆ ಹಿರಿಯರು ಈಗ್ಲೂ ಮೈಕೋ ನಾಜಲ್ ಕೊಡಪ್ಪಾ ಅಂತಾನೇ ಕೇಳ್ತಾರೆ, ಅದು 1951ರಲ್ಲಿ ಶುರುವಾಗಿ ಬೆಂಗಳೂರಿನ ಆಡುಗೋಡಿ ಕಾರ್ಖಾನೆಯಿಂದ ಹೆಸರು ಮಾಡಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, 2008ರಿಂದ ಬಾಷ್ ಲಿಮಿಟೆಡ್ ಅಂತ ಹೆಸರು ಬದಲಾಗಿದೆ, ಹಾಗಾಗಿ ಇವತ್ತು ಮೈಕೋ ಅಂತ ಅಚ್ಚಾಗಿರೋ ಹೊಸ ಡಬ್ಬಿ ಯಾರಾದ್ರೂ ಕೊಟ್ರೆ ಎರಡು ಸಲ ನೋಡಿ.

ವಿಜಯಪುರ: ನಮ್ದು 2023ರಾಗ ತಗೊಂಡ 55 ಎಚ್‌ಪಿ ಗಾಡಿ, ಕಾಮನ್ ರೈಲ್ ಐತಿ. ಇದರ ಇಂಜೆಕ್ಟರೂ ಊರಾಗಿನ ಮೆಕ್ಯಾನಿಕ್ ಕಡೆ ಬಿಚ್ಚಿಸಬಹುದೇನ್ರಿ?

ಸರಿಯಾದ ಸಾಮಾನು, ಸ್ಕ್ಯಾನರ್ ಇರೋ ಕಡೆ ಮಾತ್ರ. 2023ರ ಜನವರಿ 1ರಿಂದ 50 ಎಚ್‌ಪಿ ಮೇಲಿನ ಹೊಸ ಟ್ರ್ಯಾಕ್ಟರ್‌ಗಳಿಗೆ ಟ್ರೆಮ್ 4 ಹೊಗೆ ನಿಯಮ ಬಂತು, ಅದಕ್ಕೆ ಆ ಸೈಜಿನ ಗಾಡಿಗಳು ಕಾಮನ್ ರೈಲ್ ಕಡೆ ಹೋದವು. ಅದರಲ್ಲಿ ಪೈಪಿನ ಒಳಗಿನ ಪ್ರೆಶರ್ 1000 ಬಾರ್ ದಾಟುತ್ತೆ, ಇಂಜಿನ್ ಓಡ್ತಿರುವಾಗ ನಟ್ ಸಡಿಲ ಮಾಡೋ ನಮ್ಮ ಹಳೇ ಪರೀಕ್ಷೆ ಇಲ್ಲಿ ಪ್ರಾಣಕ್ಕೇ ಕುತ್ತು. ಇಂಜಿನ್ ಆಫ್ ಮಾಡಿದ ಮೇಲೂ ಪ್ರೆಶರ್ ಇಳಿಯೋಕೆ ಮ್ಯಾನುಯಲ್ ಹೇಳಿದಷ್ಟು ಹೊತ್ತು ಕಾಯ್ಬೇಕು. ಯಾವ ಸಿಲಿಂಡರ್ ವೀಕ್ ಅನ್ನೋದನ್ನ ಸ್ಕ್ಯಾನರ್ ಹಾಕಿ ನೋಡ್ತಾರೆ, ಎಷ್ಟು ಡೀಸೆಲ್ ಹಿಂದಕ್ಕೆ ಸೋರ್ತಿದೆ ಅನ್ನೋದನ್ನ ಪ್ರತೀ ಇಂಜೆಕ್ಟರ್‌ಗೂ ಒಂದೊಂದು ಅಳತೆ ಬಾಟ್ಲಿ ಕಟ್ಟಿ ಹೋಲಿಸ್ತಾರೆ. ಇಂಥ ಬಹಳಷ್ಟು ಗಾಡಿಗಳಲ್ಲಿ ಇಂಜೆಕ್ಟರ್ ಮೇಲೆ ಒಂದು ಕೋಡ್ ಇರುತ್ತೆ, ಹೊಸದು ಹಾಕಿದಾಗ ಆ ಕೋಡನ್ನ ಇಸಿಯುಗೆ (ಇಂಜಿನ್ ನಡೆಸೋ ಕಂಪ್ಯೂಟರ್‌ಗೆ) ಬರೆಸ್ಬೇಕು, ಬರೆಸದೆ ಬಿಟ್ರೆ ಕಂಪ್ಯೂಟರು ಹಳೇ ಇಂಜೆಕ್ಟರ್ ಲೆಕ್ಕದಲ್ಲೇ ಡೀಸೆಲ್ ಕೊಡ್ತಾ ಹೋಗುತ್ತೆ. ಬಿಚ್ಚಿದ ಹೈ ಪ್ರೆಶರ್ ಪೈಪು ಮತ್ತೆ ಬಳಸಬೇಡಿ ಅಂತ ಮ್ಯಾನುಯಲ್ ಹೇಳಿದ್ರೆ ಅದನ್ನೂ ಪಾಲಿಸಿ. ಗ್ಯಾರಂಟಿ ಅವಧಿ ಇನ್ನೂ ಇದ್ರೆ ಹೊರಗೆ ಬಿಚ್ಚಿಸಲೇಬೇಡಿ. ನೀವು ಮನೇಲಿ ಮಾಡಬಹುದಾದ್ದು ಒಳ್ಳೇ ಬಂಕಿನ ಡೀಸೆಲ್ ಹಾಕೋದು, ವಾಟರ್ ಸೆಪರೇಟರ್ ಲೈಟ್ ಹತ್ತಿದ ದಿನವೇ ನೀರು ಇಳಿಸೋದು, ಫಿಲ್ಟರನ್ನ ಹೇಳಿದ ಗಂಟೆಗೆ ಬದಲಾಯಿಸೋದು.

ಚನ್ನಗಿರಿ: ಇಂಜಿನ್ ಆಯಿಲ್ ಕಡಿಮೆ ಆಗೋ ಬದ್ಲು ಜಾಸ್ತಿ ಆಗ್ತಿದೆ. ಒಂದು ಸಿಲಿಂಡರ್ ಸರಿಯಾಗಿ ಹೊಡೀತಿಲ್ಲ, ಬಿಳಿ ಹೊಗೆ ಬೇರೆ. ಕಟಾವು ಮುಗಿಯೋವರೆಗೂ ಓಡಿಸಬಹುದಾ?

ಬೇಡ, ಇವತ್ತೇ ನಿಲ್ಸಿ. ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ, ಡೀಸೆಲ್ ವಾಸನೆ ಬಂದು ಆಯಿಲ್ ತೆಳ್ಳಗಾಗಿದ್ರೆ ಒಂದು ನಾಜಲ್ ಉರಿಯದ ಡೀಸೆಲ್ ಸುರೀತಿದೆ, ಅದು ಲೈನರ್ ಗೋಡೆ ಮೇಲಿನ ಎಣ್ಣೆ ತೊಳ್ಕೊಂಡು ಕೆಳಗೆ ಆಯಿಲ್ ಚೇಂಬರ್‌ಗೆ ಇಳೀತಿದೆ. ಫೀಡ್ ಪಂಪಿನ ಡಯಾಫ್ರಮ್ ಹರಿದಿದ್ರೂ, ಪಂಪಿನ ಒಳಗಿನ ಆಯಿಲ್ ಸೀಲ್ ಹೋಗಿದ್ರೂ ಆಯಿಲ್ ಏರುತ್ತೆ, ಆದ್ರೆ ನಿಮಗೆ ಸಿಲಿಂಡರ್ ಮಿಸ್ಸಿಂಗೂ ಬಿಳಿ ಹೊಗೆಯೂ ಜೊತೆಗಿರೋದ್ರಿಂದ ನನ್ನ ಅನುಮಾನ ನಾಜಲ್ ಮೇಲೆ. ಡೀಸೆಲ್ ವಾಸನೆ ಇಲ್ಲದೆ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ರೆ ಅದು ರೇಡಿಯೇಟರ್ ನೀರು, ಹೆಡ್ ಗ್ಯಾಸ್ಕೆಟ್ ಕಡೆ ನೋಡ್ಬೇಕು. ತೆಳು ಆಯಿಲ್ಲಲ್ಲಿ ಲೋಡ್ ಹಾಕಿ ಓಡಿಸಿದ್ರೆ ಬೇರಿಂಗ್, ಕ್ರ್ಯಾಂಕ್ ಹೋಗ್ತವೆ, ಆಗ ಇಂಜಿನ್ ಪೂರ್ತಿ ಬಿಚ್ಚೋ ಕೆಲಸ. ಇಂಜೆಕ್ಟರ್‌ಗಳನ್ನ ತೆಗೆದು ಪಂಪ್ ಶಾಪಲ್ಲಿ ಪರೀಕ್ಷೆ ಮಾಡ್ಸಿ, ನಾಜಲ್ ಕೆಟ್ಟಿದ್ರೆ ಮೇಲೆ ಹೇಳಿದ ಹಾಗೆ ಎಲ್ಲಾ ಸಿಲಿಂಡರ್‌ದೂ ಒಟ್ಟಿಗೆ ಬದಲಾಯ್ಸಿ, ಆಮೇಲೆ ಆಯಿಲೂ ಆಯಿಲ್ ಫಿಲ್ಟರೂ ಎರಡೂ ಹೊಸದು ಹಾಕಿ ಸ್ಟಾರ್ಟ್ ಮಾಡಿ. ಒಂದು ವಾರ ದಿನಾ ಬೆಳಿಗ್ಗೆ ಡಿಪ್‌ಸ್ಟಿಕ್ ನೋಡಿ, ಗೆರೆ ಮತ್ತೆ ಏರಿದ್ರೆ ಫೀಡ್ ಪಂಪ್ ಬಿಚ್ಚಿಸಿ.